ಮನೆಯವರು ಯಾರು, ಮನೆ ನೋಡಿಕೊಳ್ಳುವವರು ಯಾರು

ಉಡುಪಿ ಸೀಮೆಯ ಒಂದು ಕುಟುಂಬದ ಮನೆಯನ್ನು ಟ್ರಸ್ಟಿಗೆ ಬರೆದಿಡಬೇಕೆಂದು ಮನೆಯವರು ನಿಶ್ಚಯಿಸಿದ್ದಾರೆ. ಕರಡು ಬರೆದವಳು ಮನೆಯ ಹಿರಿಯರ ತಂಗಿಯ ಮಗಳು, ಮಂಗಳೂರಿನಲ್ಲಿ ವಕೀಲೆ. ಮೊದಲು ಸಹಿ ಹಾಕಬೇಕಾದವರು ಆ ಹಿರಿಯರು, ನಿವೃತ್ತ ಶಿಕ್ಷಕಿ, ಅವಳ ದೊಡ್ಡಮ್ಮ.

ಮಗಳು: ಎಲ್ಲರೂ ಒಪ್ಪಿಯಾಗಿದೆ ದೊಡ್ಡಮ್ಮ. ಮುಂಬಯಿಯವರು, ದುಬೈಯವರು ಎಲ್ಲ ವಾಟ್ಸಾಪಿನಲ್ಲೇ ಸರಿ ಅಂದಿದ್ದಾರೆ. ನಿಮ್ಮದೊಂದು ಸಹಿ ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ದಿನ ಗೊತ್ತು ಮಾಡಬಹುದು.

ದೊಡ್ಡಮ್ಮ: ಮೂರನೆಯ ಪುಟ ಇನ್ನೊಮ್ಮೆ ಓದು.

ಮಗಳು: “ಫಲಾನುಭವಿಗಳು ಎಂದರೆ ಈ ಕುಟುಂಬದ ಹೆಣ್ಣು ಸಂತತಿಯಲ್ಲಿ ಹುಟ್ಟಿದ ಸ್ತ್ರೀಪುರುಷರೆಲ್ಲರೂ.” ನಮ್ಮ ಅಳಿಯಕಟ್ಟಿನಲ್ಲಿ, ಆಸ್ತಿ ತಾಯಿಯ ದಾರಿಯಲ್ಲಿ ಬರುವ ಕಟ್ಟಿನಲ್ಲಿ, ಇದ್ದದ್ದೇ ಅದು. ನಾನು ಹೊಸತು ಏನೂ ಸೇರಿಸಿಲ್ಲ.

ದೊಡ್ಡಮ್ಮ: ದಿನಾ ಸಂಜೆ ದೈವದ ಕೋಣೆಯಲ್ಲಿ ದೀಪ ಇಡುವವಳು ಯಾರು?

ಮಗಳು: ಅತ್ತೆ.

ದೊಡ್ಡಮ್ಮ: ನನ್ನ ತಮ್ಮ ಹಾಸಿಗೆ ಹಿಡಿದಾಗ ಕೊನೆಯವರೆಗೆ ನೋಡಿಕೊಂಡವಳು? ಮಳೆಗಾಲಕ್ಕೆ ಮುಂಚೆ ಹಂಚು ಸರಿಮಾಡಿಸುವವಳು? ದೈವದ ನೇಮದ ದಿನ ಬಂದವರಿಗೆಲ್ಲ ಗಂಜಿ ಊಟ ಆಗುವಂತೆ ಅಕ್ಕಿ ತೆಂಗಿನಕಾಯಿ ಜೋಡಿಸಿಡುವವಳು? ಎಲ್ಲದಕ್ಕೂ ನಿನ್ನ ಉತ್ತರ ಒಂದೇ. ಆ ಒಬ್ಬಳು ನಿನ್ನ ಮೂರನೆಯ ಪುಟದಲ್ಲಿಲ್ಲ.

ಮಗಳು: ಅವರು ಬೇರೆ ಬರಿಯವರು, ಬೇರೆ ಕುಲದವರು ದೊಡ್ಡಮ್ಮ. ಮಾವನನ್ನು ಮದುವೆಯಾಗಿ ಬಂದವರು. ಕಟ್ಟಿನ ಪ್ರಕಾರ ಮಾವನೇನೋ ಸಾಯುವವರೆಗೆ ಈ ಮನೆಯವರು. ಅತ್ತೆಯಾಗಲಿ ಅವರ ಮಗನಾಗಲಿ ಯಾವತ್ತೂ ಇಲ್ಲಿಯವರಲ್ಲ. ಅವರ ಕುಟುಂಬ ಅವರ ತಾಯಿಯ ಮನೆ.

ದೊಡ್ಡಮ್ಮ: ಅವಳ ತಾಯಿಯ ಮನೆ ಪಾಲಾಗಿ, ಪಾಲೆಲ್ಲ ಮಾರಾಟವಾಗಿ ಎಷ್ಟೋ ಕಾಲವಾಯಿತು. ಅಲ್ಲಿ ಈಗ ಯಾರದೋ ಲೇಔಟ್ ಉಂಟು. ಹಿಂದಿನ ಕಟ್ಟು ಅವಳನ್ನು ಹೊರಗೆ ನಿಲ್ಲಿಸುತ್ತಿತ್ತು ಅನ್ನುವುದು ನಿಜ. ಆದರೆ ಹಿಂತಿರುಗಲು ಇನ್ನೊಂದು ಮನೆ ಇಟ್ಟು ಹೊರಗೆ ನಿಲ್ಲಿಸುತ್ತಿತ್ತು. ನೀನು ಕಟ್ಟಿನ ಅರ್ಧ ತೆಗೆದುಕೊಂಡೆ, ಇನ್ನರ್ಧ ಬಿಟ್ಟೆ.

ಮಗಳು: ನೀವು ಆ ಕಟ್ಟಿನಲ್ಲಿ ಬೆಳೆದವರು. ನಾನು ಸೆಕ್ಷನ್‌ಗಳಲ್ಲಿ ಓದಿದವಳು. ಆಗ ಹೇಗಿತ್ತು ಅಂತ ನಿಮ್ಮ ಬಾಯಲ್ಲಿ ಕೇಳಬೇಕು.

ದೊಡ್ಡಮ್ಮ: ನಾನೂ ನಿನ್ನ ಅಮ್ಮನೂ ಹುಟ್ಟಿ ಬೆಳೆದದ್ದು ನಮ್ಮ ಅಪ್ಪನ ಕುಟುಂಬದ ಮನೆಯಲ್ಲಿ. ಅಪ್ಪ ಅಲ್ಲಿ ಯಜಮಾನ. ಬೆಳಿಗ್ಗೆಯಿಂದ ರಾತ್ರಿವರೆಗೆ ಗದ್ದೆ, ಗೇಣಿ, ಕೋರ್ಟು, ನೇಮ ಅಂತ ದುಡಿದರು. ದುಡಿದದ್ದೆಲ್ಲ ಅವರ ಅಕ್ಕತಂಗಿಯರ ಮಕ್ಕಳಿಗೆ. ಅಪ್ಪ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜ ಮುಗಿದದ್ದೇ ಅಮ್ಮ ನಮ್ಮನ್ನು ಕರಕೊಂಡು ಇಲ್ಲಿಗೆ ಬಂದಳು. ಅಲ್ಲಿ ಯಾರೂ ಹೋಗಿ ಅನ್ನಲಿಲ್ಲ, ಅನ್ನಬೇಕಾದ್ದೇ ಇರಲಿಲ್ಲ. ಯಜಮಾನಿಕೆ ಅವರ ಅಳಿಯನಿಗೆ ಹೋಯಿತು, ನಮ್ಮ ಕೋಣೆಗೆ ಅವರ ಮನೆಯವರು ಬಂದರು. ನಾನು ನೆಟ್ಟ ಸಂಪಿಗೆ ಗಿಡವೂ ಅಲ್ಲೇ ಉಳಿಯಿತು. ಇಲ್ಲಿಗೆ ಬಂದಾಗ ಯಾರೂ ಯಾಕೆ ಬಂದೆ ಅಂತ ಅಮ್ಮನನ್ನು ಕೇಳಲಿಲ್ಲ. ಅಜ್ಜಿ ಒಂದು ಕೋಣೆಯ ಭತ್ತದ ಮುಡಿಗಳನ್ನು ತೆಗೆಸಿ ಚಾಪೆ ಹಾಸಿಕೊಟ್ಟಳು. ಎರಡೂ ಒಂದೇ ವಾರದಲ್ಲಿ ನಡೆದದ್ದು. ಒಂದು ಮನೆಯಿಂದ ನಮ್ಮನ್ನು ಕಿತ್ತದ್ದೂ ಅದೇ ಕಟ್ಟು, ಇನ್ನೊಂದು ಮನೆಯಲ್ಲಿ ಕೂರಿಸಿದ್ದೂ ಅದೇ ಕಟ್ಟು.

ಮಗಳು: ಅಪ್ಪನ ಮೇಲೆ ನಿಮಗೆ ಸಿಟ್ಟಿತ್ತಾ?

ದೊಡ್ಡಮ್ಮ: ಅಪ್ಪನ ಬಗ್ಗೆ ದುಃಖ ಇತ್ತು. ತನ್ನ ಮಕ್ಕಳಿಗೆ ಒಂದು ಹಲಸಿನ ಮರ ಕೊಡಬೇಕಾದರೂ ಅವರು ತಂಗಿಯ ಮುಖ ನೋಡಬೇಕಿತ್ತು. ಹಳೆಯ ಕಾಲ ಒಳ್ಳೆಯದು ಅನ್ನುವವರು ಇದನ್ನು ಮರೆಯಬಾರದು. ಇನ್ನೊಂದನ್ನೂ ಮರೆಯಬಾರದು: ಆ ಚಾವಡಿ, ಭತ್ತ ತುಂಬಿದ ಆ ಪತ್ತಾಯ ಇದ್ದದ್ದು ಗೇಣಿಯ ಒಕ್ಕಲುಗಳ ಬೆವರಿನ ಮೇಲೆ, ಜೀತದ ಮೂಲದಾಳುಗಳ ಬೆನ್ನ ಮೇಲೆ. ಅವರು ಅಂಗಳ ದಾಟಿ ಮೇಲೆ ಬರುವಂತಿರಲಿಲ್ಲ. ಒಟ್ಟು ಕುಟುಂಬದಲ್ಲಿ ಇಷ್ಟು ಜನ ಸುಖವಾಗಿದ್ದೆವು ಅಂತ ಹೇಳುವಾಗ, ಆ ಅನ್ನ ಬೆಳೆದವರ ಸಂಸಾರ ಹೇಗಿತ್ತು ಅಂತಲೂ ಹೇಳಬೇಕು. ಆಸ್ತಿಯೇ ಇಲ್ಲದವರಿಗೆ ಅಳಿಯಕಟ್ಟೇನು, ಮಕ್ಕಳಕಟ್ಟೇನು?

ಮಗಳು: ಕಟ್ಟು ಮುರಿದದ್ದು ಕಾನೂನಿನಿಂದ ಅಂತ ಹೆಚ್ಚಿನವರು ಹೇಳುತ್ತಾರೆ. ಬ್ರಿಟಿಷರ ಕೋರ್ಟು ಮೊದಲು ಇದನ್ನು ಬಿಗಿಯೇ ಮಾಡಿತ್ತು. ಒಬ್ಬ ಸದಸ್ಯ ಬಂದು ನನ್ನ ಪಾಲು ಕೊಡಿ ಅಂತ ಒತ್ತಾಯ ಮಾಡುವ ಹಾಗಿಲ್ಲ ಎಂದು ಮದ್ರಾಸ್ ಹೈಕೋರ್ಟ್ 1863ರಲ್ಲೇ ಹೇಳಿತು. ಆ ಗಂಟು ಸಡಿಲವಾದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯಿಂದ. ಆಮೇಲೆ ಕವರು ಕವರಾಗಿ ಪಾಲಾಗಬಹುದಿತ್ತು, ಅಂದರೆ ಒಬ್ಬ ತಾಯಿ, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು, ಹೀಗೆ ಒಂದೊಂದು ಕವಲು ಒಂದೊಂದು ಪಾಲು. ಸಂತತಿ ಮುಂದುವರಿಸುವ ಹೆಣ್ಣು ಇಲ್ಲದ್ದು ನಿಸ್ಸಂತತಿ ಕವರು, ಅದಕ್ಕೆ ಬದುಕಿರುವಷ್ಟು ಕಾಲ ಅನುಭವಿಸುವ ಹಕ್ಕು ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳಿಗೂ ಹೋಗುವ ದಾರಿ ತೆರೆಯಿತು. ಗಡಿಯಾಚೆ ಕಾಸರಗೋಡಿನಲ್ಲಿ ಕೇರಳದ ಕಾಯಿದೆ 1976ರ ಡಿಸೆಂಬರ್ 1ರಿಂದ ಒಟ್ಟು ಕುಟುಂಬವನ್ನೇ ರದ್ದು ಮಾಡಿತು.

ದೊಡ್ಡಮ್ಮ: ಕಾಯಿದೆ ಆಮೇಲೆ ಬಂತು ಮಗಾ. ಮೊದಲು ಬಂದದ್ದು ಮುಂಬಯಿಯ ಮನಿ ಆರ್ಡರ್. ನಮ್ಮ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಗುಮಾಸ್ತರಾದರು, ಹೋಟೆಲಿನ ಧಣಿಗಳಾದರು. ಗದ್ದೆಯ ಭತ್ತ ಯಾರೊಬ್ಬರದೂ ಅಲ್ಲ, ಪತ್ತಾಯಕ್ಕೆ ಹೋಗುತ್ತದೆ. ಸಂಬಳ ಹಾಗಲ್ಲ. ಮನಿ ಆರ್ಡರ್ ಫಾರಮ್ಮಿನಲ್ಲಿ ಬರೆಯಲಿಕ್ಕೆ ಒಂದೇ ಹೆಸರಿಗೆ ಜಾಗ. ಮೊದಮೊದಲು ಆ ಹೆಸರು ತಾಯಿಯದು, ಯಜಮಾನ ಮಾವನದು. ಮದುವೆಯಾಗಿ ವರ್ಷ ಕಳೆದ ಮೇಲೆ ಅದು ಹೆಂಡತಿಯದಾಯಿತು. ಪೋಸ್ಟ್‌ಮ್ಯಾನ್ ಚಾವಡಿ ಬಿಟ್ಟು ಇನ್ನೊಂದು ಮನೆಯ ಕಡೆ ತಿರುಗಿದ ದಿನವೇ ಈ ಕುಟುಂಬ ಪಾಲಾಯಿತು ಅಂತ ನಾನು ತಿಳಿದಿದ್ದೇನೆ. ಪಾಲುಪಟ್ಟಿ ಬರೆದದ್ದು ಬಹಳ ತಡವಾಗಿ.

ಮಗಳು: 1974ರ ಭೂಸುಧಾರಣೆ?

ದೊಡ್ಡಮ್ಮ: ಅದು ಉಳಿದದ್ದನ್ನು ಮುಗಿಸಿತು. ದೇವರಾಜ ಅರಸರ ಕಾಲ. ಒಕ್ಕಲುಗಳು ಡಿಕ್ಲರೇಷನ್ ಹಾಕಿದರು, ಗದ್ದೆ ಅವರದಾಯಿತು. ನಮ್ಮ ಹಿರಿಯರು ಬಹಳ ಸಂಕಟಪಟ್ಟರು. ನಾನು ಆಗ ಶಾಲೆಯಲ್ಲಿ ಕಲಿಸುತ್ತಿದ್ದೆ. ಒಕ್ಕಲಿನ ಮನೆಯ ಮಕ್ಕಳು ಮೊದಲ ಸಲ ಹೊಸ ಬಟ್ಟೆ ಹಾಕಿಕೊಂಡು ಬಂದದ್ದನ್ನು ನೋಡಿದೆ. ಒಂದು ಕುಟುಂಬ ಚಿಕ್ಕದಾದಾಗ ನೂರು ಕುಟುಂಬ ನೆಲೆ ಕಂಡಿತು. ನ್ಯಾಯ ಆದದ್ದೇ ಸರಿ. ಈ ಮಾತನ್ನು ಮನೆಯಲ್ಲಿ ಹೇಳಿ ಬೈಸಿಕೊಂಡಿದ್ದೇನೆ, ಈಗಲೂ ಹೇಳುತ್ತೇನೆ.

ಮಗಳು: ಅಂತೂ ಅಪ್ಪನ ಆಸ್ತಿ ಮಕ್ಕಳಿಗೆ ಹೋಗುವ ಮಕ್ಕಳಕಟ್ಟಿನ ಮನೆಗಳಿಗಿಂತ ನಮ್ಮ ಹೆಂಗಸರು ವಾಸಿ ಇದ್ದರು, ಅಲ್ಲವಾ?

ದೊಡ್ಡಮ್ಮ: ಒಂದು ವಿಷಯದಲ್ಲಿ ಬಹಳ ವಾಸಿ. ಗಂಡ ಸತ್ತರೆ, ಗಂಡನ ಜೊತೆ ಆಗಿಬರದಿದ್ದರೆ, ಬರಲಿಕ್ಕೆ ಒಂದು ಬಾಗಿಲಿತ್ತು. ಮತ್ತೆ ಮದುವೆಯಾಗಬೇಕೆಂದರೆ ಬುಡುದಾರೆ ಎಂಬ ಮದುವೆಯ ಕ್ರಮ ಇತ್ತು. ಕಾರಂತರ ‘ಮರಳಿ ಮಣ್ಣಿಗೆ’ ಓದಿದ್ದೀಯಲ್ಲ, ಅದರಲ್ಲಿ ಸರಸೋತಿ ಗಂಡನಿಲ್ಲದೆ ಅಣ್ಣ ರಾಮ ಐತಾಳರ ಮನೆಯಲ್ಲಿ ಇರುತ್ತಾಳೆ. ಮನೆ ನಿಂತದ್ದೇ ಅವಳ ಮತ್ತು ಅತ್ತಿಗೆ ಪಾರೋತಿಯ ದುಡಿಮೆಯಲ್ಲಿ. ಆದರೂ ಅವಳು ಅಣ್ಣನ ಮನೆಯಲ್ಲಿ ಇರುವವಳು. ನನ್ನ ಅಮ್ಮ ಇಲ್ಲಿ ತನ್ನ ಮನೆಯಲ್ಲಿ ಇದ್ದಳು. ಹಾಗಂತ ಹೆಂಗಸರ ಕೈಯಲ್ಲಿ ಅಧಿಕಾರ ಇತ್ತು ಅಂತ ತಿಳಿಯಬೇಡ. ಆಸ್ತಿ ಹೆಣ್ಣಿನ ದಾರಿಯಲ್ಲಿ ಬರುತ್ತಿತ್ತು, ಕೀಲಿಕೈ ಮಾವನ ಸೊಂಟದಲ್ಲಿರುತ್ತಿತ್ತು. ನಾನು ಶಿಕ್ಷಕಿಯಾಗಲು ಟಿ.ಸಿ.ಎಚ್. ಓದಬೇಕೆಂದಾಗ ಅನುಮತಿ ಕೊಡಬೇಕಾದವರು ಮಾವ, ಅಮ್ಮ ಅಲ್ಲ.

ಮಗಳು: ಕಾನೂನಿನ ಪುಸ್ತಕದಲ್ಲಿ ಆ ಬಾಗಿಲಿನ ಗುರುತು ಇನ್ನೂ ಉಂಟು ದೊಡ್ಡಮ್ಮ. ಕೇಳಿ. ಹಿಂದೂ ಹೆಂಗಸು ಮರಣಪತ್ರ ಬರೆಯದೆ ತೀರಿಕೊಂಡರೆ, ಉತ್ತರಾಧಿಕಾರ ಕಾಯಿದೆಯ 15ನೇ ಸೆಕ್ಷನ್ ಪ್ರಕಾರ ಅವಳ ಸ್ವಂತ ದುಡಿಮೆಯ ಆಸ್ತಿ ಮೊದಲು ಮಕ್ಕಳಿಗೂ ಗಂಡನಿಗೂ ಹೋಗುತ್ತದೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವಳ ಹೆತ್ತ ತಾಯಿಯ ಸರದಿ ಅದಾದ ಮೇಲೆ. ಅಳಿಯಕಟ್ಟಿನವರಿಗೆ 17ನೇ ಸೆಕ್ಷನ್ ಈ ಸಾಲನ್ನು ಬದಲಿಸಿದೆ. ಮಕ್ಕಳ ಜೊತೆಗೇ ತಾಯಿಗೂ ಮೊದಲ ಸ್ಥಾನ, ಆಮೇಲೆ ತಂದೆ ಮತ್ತು ಗಂಡ, ಗಂಡನ ವಾರಸುದಾರರು ಕಟ್ಟಕಡೆಗೆ.

ದೊಡ್ಡಮ್ಮ: ಇದು ನನಗೆ ಗೊತ್ತಿರಲಿಲ್ಲ. ಹಾಗಾದರೆ ಉಳಿದ ಹೆಣ್ಣುಮಕ್ಕಳಿಗೆ ಯಾಕೆ ಹೀಗಿಲ್ಲ?

ಮಗಳು: ಇರಬೇಕು ಅಂತಲೇ ನಾನು ಹೇಳುವುದು. ಮದುವೆಯಾದವಳು ತವರಿನಿಂದ ಕಳಚಿಕೊಂಡಳು ಅನ್ನುವ ಎಣಿಕೆ ಆ ಕಾಯಿದೆಯ ಒಳಗೆ ಕೂತಿದೆ. 2005ರವರೆಗೆ 23ನೇ ಸೆಕ್ಷನ್ ಕೂಡ ಇತ್ತು. ಮನೆಯ ಗಂಡಸರು ಪಾಲು ಮಾಡಿಕೊಳ್ಳುವ ತನಕ ಮಗಳು ವಾಸದ ಮನೆಯಲ್ಲಿ ಪಾಲು ಕೇಳುವ ಹಾಗಿರಲಿಲ್ಲ. ಇರಲಿಕ್ಕೆ ಹಕ್ಕು ಬೇಕಾದರೆ ಅವಳು ಮದುವೆಯಾಗದವಳೋ, ಗಂಡ ಬಿಟ್ಟವಳೋ, ಬೇರೆಯಾದವಳೋ, ವಿಧವೆಯೋ ಆಗಿರಬೇಕಿತ್ತು. ಆ ಸೆಕ್ಷನ್ ಹೋಯಿತು. ಮಗನ ಹಾಗೆ ಮಗಳೂ ಹುಟ್ಟಿನಿಂದಲೇ ಪಾಲುಗಾರ್ತಿ ಅಂತಾಯಿತು. ನಮ್ಮ ರಾಜ್ಯದಲ್ಲಿ 1994ರಲ್ಲೇ ಅಂಥ ತಿದ್ದುಪಡಿ ಬಂದಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಉಳಿದ ಅನುಮಾನವನ್ನೂ ತೆಗೆಯಿತು. ಇಷ್ಟೆಲ್ಲ ಆದ ಮೇಲೂ ನನ್ನ ಕಚೇರಿಗೆ ಬರುವ ಕಾಗದಗಳಲ್ಲಿ ಹೆಚ್ಚು ಯಾವುದು ಗೊತ್ತಾ? ಅಕ್ಕತಂಗಿಯರ ಹಕ್ಕು ಬಿಡುಗಡೆ ಪತ್ರ. ಒಂದು ಸೀರೆ, ಒಂದು ಊಟ, ಅಣ್ಣನ ಎದುರು ಒಂದು ಸಹಿ. ಯಾಕೆ ಬಿಟ್ಟುಕೊಡುತ್ತೀರಿ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: “ಪಾಲು ತೆಗೆದುಕೊಂಡರೆ ನಾಳೆ ತವರಿಗೆ ಹೋಗ್ಲಿಕ್ಕಾಗುವುದಿಲ್ಲ ಮೇಡಂ.”

ದೊಡ್ಡಮ್ಮ: ಬಾಗಿಲನ್ನು ಉಳಿಸಿಕೊಳ್ಳಲಿಕ್ಕೆ ಗೋಡೆ ಬಿಟ್ಟುಕೊಡುತ್ತಾರೆ.

ಮಗಳು: ಅದಕ್ಕೇ ಈ ಟ್ರಸ್ಟಿನ ಮೇಲೆ ನನಗೆ ಆಸೆ. ಪಾಲಾಗದ ಒಂದು ಮನೆ ಇದ್ದರೆ ಯಾರೂ ಆರಿಸಬೇಕಾಗಿಲ್ಲ.

ದೊಡ್ಡಮ್ಮ: ಆಸೆ ಒಳ್ಳೆಯದೇ. ಅದಕ್ಕೆ ತಕ್ಕ ಹಾಗೆ ಬರೆದಿದ್ದೀಯಾ ಅಂತ ನಾನು ಕೇಳುವುದು. ಹೆಣ್ಣು ಸಂತತಿ ಅಂತ ಬರೆದೆ. ಮುಂದಿನ ಪೀಳಿಗೆಯಲ್ಲಿ ಹೆಣ್ಣೆಷ್ಟು ಉಂಟು ಎಣಿಸಿ ನೋಡು.

ಮಗಳು: ಎಣಿಸಿದ್ದೇನೆ. ಅಜ್ಜಿಯ ಕಾಲದಲ್ಲಿ ಏಳೆಂಟು ಮಕ್ಕಳು, ಒಂದು ಹೆಣ್ಣಾದರೂ ಹುಟ್ಟುತ್ತಿತ್ತು. ಕರ್ನಾಟಕದಲ್ಲಿ ಈಗ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು ಅಂತ 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನಮ್ಮ ಮೂರು ಕವರುಗಳಲ್ಲಿ ಒಂದರಲ್ಲಿ ಎಲ್ಲ ಗಂಡುಮಕ್ಕಳೇ. ಇನ್ನೊಂದರಲ್ಲಿ ಇರುವ ಹುಡುಗಿ ಮದುವೆ ಬೇಡ ಅಂದಿದ್ದಾಳೆ. ಹೀಗೇ ಹೋದರೆ ಈ ಮನೆಗೆ ಫಲಾನುಭವಿಗಳೇ ಉಳಿಯುವುದಿಲ್ಲ. ಗಂಡುಮಕ್ಕಳ ಮಕ್ಕಳನ್ನೂ ಸೇರಿಸೋಣ ಅಂತ ನಾನು ಹೇಳಿದ್ದೆ. ಮುಂಬಯಿಯ ದೊಡ್ಡ ಮಾವ ಒಪ್ಪಲಿಲ್ಲ. ದೈವದ ಕಟ್ಟಳೆ ತಪ್ಪುತ್ತದೆ ಅಂದರು.

ದೊಡ್ಡಮ್ಮ: ದೈವದ ಚಾಕರಿಯ ಕಟ್ಟಳೆ ಬೇರೆ, ಮನೆಯ ಮಾಡು ಬೇರೆ. ನೇಮದ ದಿನ ಕುಟುಂಬದ ಪರವಾಗಿ ದೈವದ ಎದುರು ಯಾರು ನಿಲ್ಲಬೇಕು ಅನ್ನುವುದನ್ನು ಹೆಣ್ಣಿನ ದಾರಿಯಲ್ಲೇ ಇಡಿ. ಅದು ನಂಬಿಕೆಯ ವಿಷಯ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಕಷ್ಟಕಾಲದಲ್ಲಿ ಬಂದು ನಾಲ್ಕು ದಿನ ಇರಲಿಕ್ಕೆ ಯಾರಿಗೆ ಹಕ್ಕು ಅನ್ನುವುದು ಇನ್ನೊಂದು ಪುಟದಲ್ಲಿ ಬರಬೇಕು. ಅದರಲ್ಲಿ ಗಂಡುಮಕ್ಕಳ ಮಕ್ಕಳು ಬರಲಿ, ಮದುವೆಯಾಗಿ ಬಂದ ಹೆಂಗಸರು ಬರಲಿ, ಮದುವೆ ಬೇಡ ಅಂದವಳೂ ಬರಲಿ. ಬೆಂಗಳೂರಿನಲ್ಲಿರುವ ನಿನ್ನ ಅಣ್ಣನ ಜೊತೆಗಿರುವ ಹುಡುಗನೂ ಬರಲಿ.

ಮಗಳು: ದೊಡ್ಡಮ್ಮ, ಅದು ನಿಮಗೆ…

ದೊಡ್ಡಮ್ಮ: ನನಗೆ ಗೊತ್ತುಂಟು. ಇಬ್ಬರೂ ಹೋದ ನೇಮಕ್ಕೆ ಬಂದಿದ್ದರು. ಆ ಹುಡುಗ ಪಂಕ್ತಿಯಲ್ಲಿ ಅನ್ನ ಬಡಿಸಿದ. ಅವರಿಗೆ ಮದುವೆ ರಿಜಿಸ್ಟರ್ ಆಗುತ್ತದಾ?

ಮಗಳು: ಇಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆಗುವುದಿಲ್ಲ ಅಂದಿತು, ಅದನ್ನು ಸಂಸತ್ತು ನೋಡಿಕೊಳ್ಳಬೇಕು ಅಂತ.

ದೊಡ್ಡಮ್ಮ: ಸರ್ಕಾರ ನೋಡಿಕೊಳ್ಳುವಾಗ ನೋಡಿಕೊಳ್ಳಲಿ. ನಮ್ಮ ಮನೆಯ ಕಾಗದ ನಾವು ಬರೆಯುವುದು.

ಮಗಳು: ಬರೆಯಬಹುದು. ಒಡೆತನ ಟ್ರಸ್ಟಿನದು, ಇವರಿಗೆ ವಾಸದ ಹಕ್ಕು ಮಾತ್ರ, ಯಾರೂ ಮಾರುವ ಹಾಗಿಲ್ಲ ಎಂದು ಬರೆದರೆ ಮುಂಬಯಿಯವರ ಭಯವೂ ಹೋಗುತ್ತದೆ. ಆದರೆ ಹಕ್ಕು ಬರೆದ ಕೂಡಲೇ ಮನೆ ನಡೆಯುವುದಿಲ್ಲ. ನನಗೆ ಕಾಡುವುದು ಅದು. ನಾವು ಪಾಲಿನ ವಿಷಯ ನೂರು ವರ್ಷ ಮಾತಾಡಿದ್ದೇವೆ. ಕೆಲಸ ಹೇಗೆ ಹಂಚಬೇಕು ಅಂತ ಒಂದು ದಿನವೂ ಮಾತಾಡಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಜನ ದಿನದ ಸಮಯ ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ಕೊಟ್ಟದ್ದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97. ಅದೂ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರ ಲೆಕ್ಕ. ಅಂಥವರು ನೂರಕ್ಕೆ 26 ಮಂದಿ.

ದೊಡ್ಡಮ್ಮ: ದೊಡ್ಡ ಮನೆಯಲ್ಲಿ ಕೆಲಸ ಹಂಚಿಹೋಗುತ್ತಿತ್ತು ಅನ್ನುತ್ತಾರೆ. ಹಂಚಿಹೋಗುತ್ತಿದ್ದದ್ದು ಹೆಂಗಸರೊಳಗೆ. ಭತ್ತ ಬೇಯಿಸುವವಳು ಒಬ್ಬಳು, ಕಡೆಯುವ ಕಲ್ಲಿನ ಎದುರು ಒಬ್ಬಳು, ಬಾಣಂತಿಗೆ ನೀರು ಕಾಯಿಸುವವಳು ಒಬ್ಬಳು. ಈಗ ಅಷ್ಟೂ ಒಬ್ಬಳ ತಲೆಯ ಮೇಲೆ ಬಂದಿದೆ. ನಿನ್ನ ಅತ್ತೆಗೆ ಎಪ್ಪತ್ತು ದಾಟಿತು. ಮಗ ದುಬೈಯಲ್ಲಿ. ಅವನು ದುಡ್ಡು ಕಳಿಸುತ್ತಾನೆ, ಕ್ಯಾಮೆರಾ ಹಾಕಿಸಿದ್ದಾನೆ, ದಿನಾ ವಿಡಿಯೊ ಕಾಲ್ ಮಾಡುತ್ತಾನೆ. ಪ್ರೀತಿಗೆ ಕಮ್ಮಿ ಇಲ್ಲ. ಆದರೆ ಜಾರಿ ಬಿದ್ದರೆ ಎತ್ತಲಿಕ್ಕೆ ಪಕ್ಕದ ಮನೆಯವರೇ ಬರಬೇಕು.

ಮಗಳು: ಮಕ್ಕಳು ನೋಡದಿದ್ದರೆ 2007ರ ಹಿರಿಯ ನಾಗರಿಕರ ಕಾಯಿದೆ ಉಂಟು. ಮಕ್ಕಳಿಲ್ಲದವರಿಗೂ ಅದರಲ್ಲಿ ದಾರಿ ಇದೆ. ಅವರ ಆಸ್ತಿ ಯಾರ ಕೈಯಲ್ಲಿದೆಯೋ, ಯಾರಿಗೆ ಬರುತ್ತದೆಯೋ, ಶಕ್ತಿ ಇದ್ದರೆ ಆ ಸಂಬಂಧಿಕರು ಜೀವನಾಂಶ ಕೊಡಬೇಕು. ಅತ್ತೆಯ ಹೆಸರಿನಲ್ಲಿ ಆಸ್ತಿ ಇಲ್ಲ, ಮಗ ಹಣ ಕೊಡುತ್ತಿದ್ದಾನೆ. ಅವರಿಗೆ ಬೇಕಾದದ್ದು ಟ್ರಿಬ್ಯುನಲ್ ಕೊಡುವಂಥದ್ದಲ್ಲ.

ದೊಡ್ಡಮ್ಮ: ಏನು ಬೇಕು ಅಂತ ಅವಳನ್ನು ಯಾರಾದರೂ ಕೇಳಿದ್ದೀರಾ?

ಮಗಳು: ಕೇಳಿದೆ. ನಿನ್ನೆ ರಾತ್ರಿ. ಮನೆಯಲ್ಲಿ ಹಕ್ಕು ಬರೆಯಲಾ ಅತ್ತೆ ಅಂದೆ. ಬರೆದರೂ ಸೈ, ಬಿಟ್ಟರೂ ಸೈ ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, ದುಬೈಗೆ ಹೋಗಬೇಕು ಅಂತ. ಮೊಮ್ಮಗಳು ಹುಟ್ಟಿ ನಾಲ್ಕು ವರ್ಷವಾಯಿತು, ಫೋನಿನಲ್ಲಿ ಬಿಟ್ಟು ಹತ್ತಿರದಲ್ಲಿ ಅವಳ ಜೊತೆ ಒಂದು ತಿಂಗಳೂ ಕಳೆದಿಲ್ಲ. ಮಗ ಟಿಕೆಟ್ ಕಳಿಸುತ್ತೇನೆ ಅಂದಾಗೆಲ್ಲ ಇವರು ಬೇಡ ಅಂದಿದ್ದಾರೆ. ದೀಪ ಇಡುವವರು ಯಾರು, ಮನೆ ಬೀಗ ಹಾಕಿದರೆ ಕುಟುಂಬದವರು ಏನು ಹೇಳುತ್ತಾರೆ ಅಂತ.

ದೊಡ್ಡಮ್ಮ: ನಾವೆಲ್ಲ ಅವಳಿಗೆ ಇರಲಿಕ್ಕೆ ಹಕ್ಕು ಕೊಡುವ ಮಾತಾಡುತ್ತಿದ್ದೇವೆ.

ಮಗಳು: ಅವರು ಕೇಳಿದ್ದು ಮೂರು ತಿಂಗಳ ರಜೆ.

ದೊಡ್ಡಮ್ಮ: ಈ ಮನೆಯ ಹೆಣ್ಣುಮಕ್ಕಳು ನಾವು ವರ್ಷಕ್ಕೊಂದು ಸಲ ಕಾರಿನಲ್ಲಿ ಬಂದು, ಪ್ರಸಾದ ತೆಗೆದುಕೊಂಡು, ಫೋಟೋ ಹೊಡೆಸಿಕೊಂಡು ಹೋಗುತ್ತೇವೆ. ಕುಟುಂಬದ ಮನೆ ಉಳಿಯಬೇಕು ಅಂತ ಎಲ್ಲರಿಗಿಂತ ದೊಡ್ಡ ಸ್ವರದಲ್ಲಿ ಹೇಳುವವರೂ ನಾವೇ. ಅವಳು ಇಲ್ಲೇ ಇರುತ್ತಾಳೆ ಅನ್ನುವ ಧೈರ್ಯದಲ್ಲಿ ಹೇಳುತ್ತೇವೆ.

ಮಗಳು: ದುಡ್ಡು ಕೊಟ್ಟು ಜನ ಇಟ್ಟರೆ ಹೇಗೆ? ಟ್ರಸ್ಟಿನ ನಿಧಿಗೆ ಎಲ್ಲರೂ ಹಾಕಿದರೆ ಒಬ್ಬರ ಸಂಬಳಕ್ಕೆ ಸಾಕಾಗುತ್ತದೆ.

ದೊಡ್ಡಮ್ಮ: ಅಂಗಳ ಗುಡಿಸಲಿಕ್ಕೆ, ತೋಟಕ್ಕೆ ನೀರು ಬಿಡಲಿಕ್ಕೆ ಜನ ಇಡಿ, ಅವರಿಗೆ ಸರಿಯಾದ ಸಂಬಳ ಕೊಡಿ. ಮನೆಯವರು ಅನ್ನಿಸಿಕೊಂಡವರೂ ಸರದಿಯಲ್ಲಿ ಬಂದು ಇರಬೇಕು. ವರ್ಷಕ್ಕೆ ಹದಿನೈದು ದಿನ, ಗಂಡಸರಾದರೂ ಸರಿ, ಹೆಂಗಸರಾದರೂ ಸರಿ, ತಾವೇ ಅಡಿಗೆ ಮಾಡಿಕೊಂಡು. ಟ್ರಸ್ಟಿಗಳಾಗಬೇಕು ಅನ್ನುವವರಿಗಂತೂ ಇದು ಕಡ್ಡಾಯ ಅಂತ ಬರಿ. ಅದು ಕಾನೂನಿನಲ್ಲಿ ನಿಲ್ಲುತ್ತದಾ?

ಮಗಳು: ಟ್ರಸ್ಟಿಯ ಅರ್ಹತೆ ಅಂತ ಬರೆದರೆ ನಿಲ್ಲುತ್ತದೆ. ಸರದಿ ತಪ್ಪಿಸಿದವರ ಜಾಗಕ್ಕೆ ಬೇರೆಯವರು. ಮುಂಬಯಿಯ ದೊಡ್ಡ ಮಾವ ಏನು ಹೇಳುತ್ತಾರೋ.

ದೊಡ್ಡಮ್ಮ: ಅವನ ಜೊತೆ ನಾನು ಮಾತಾಡುತ್ತೇನೆ. ಅವನು ಚಿಕ್ಕವನಿದ್ದಾಗ ಈ ಮನೆಯ ಬಾವಿಯಿಂದ ನೀರು ಸೇದಿದವನೇ. ನೀನು ಮೊದಲು ನಿನ್ನ ಸರದಿ ಹೇಳು.

ಮಗಳು: ಮೇ ತಿಂಗಳು ಕೋರ್ಟಿಗೆ ರಜೆ. ಆ ತಿಂಗಳು ಪೂರ್ತಿ ನನ್ನದು. ನನ್ನ ಗಂಡನೂ ವಾರದ ಕೊನೆಗೆ ಬರುತ್ತಾನೆ, ಅವನಿಗೆ ಗಂಜಿಚಟ್ನಿ ಮಾಡಲಿಕ್ಕೆ ಬರುತ್ತದೆ.

ದೊಡ್ಡಮ್ಮ: ಏಪ್ರಿಲ್ ನನ್ನದು. ಕಾಲು ನೋವು ಉಂಟು, ಆದರೆ ದೀಪ ಇಡಲಿಕ್ಕೆ, ಬಂದವರ ಹತ್ತಿರ ಮಾತಾಡಲಿಕ್ಕೆ ಆಗುತ್ತದೆ. ನೀರು ಸೇದಲಿಕ್ಕೆ ಪಂಪು ಇದೆ.

ಮಗಳು: ಜೂನ್ ಯಾರು? ಮಳೆ ಹಿಡಿದ ಮೇಲೆ ಇಲ್ಲಿ ಕರೆಂಟೇ ಇರುವುದಿಲ್ಲ, ಯಾರೂ ಒಪ್ಪಲಿಕ್ಕಿಲ್ಲ.

ದೊಡ್ಡಮ್ಮ: ವಾಟ್ಸಾಪಿನಲ್ಲಿ ಸರಿ ಅಂದವರೆಲ್ಲರ ಹೆಸರು ನಿನ್ನ ಹತ್ತಿರ ಉಂಟಲ್ಲ? ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳು, ಇವತ್ತೇ. ಕ್ಯಾಲೆಂಡರ್ ತುಂಬಿದ ಮೇಲೆ ಕಾಗದ ತೆಗೆದುಕೊಂಡು ಬಾ, ಸಹಿ ಹಾಕುತ್ತೇನೆ. ಅದಕ್ಕೆ ಮುಂಚೆ ಅವಳ ಮಗನಿಗೆ ಹೇಳು, ಏಪ್ರಿಲ್ ಒಂದಕ್ಕೆ ಟಿಕೆಟ್ ಮಾಡಲಿಕ್ಕೆ.